ಅಭ್ಯಾಸದ ತೋಟೆಗೆ ಎಷ್ಟು ತೂಕದ ಬುಲೆಟ್? ಪಿಸ್ತೂಲು, ರಿವಾಲ್ವರ್ ರೀಲೋಡಿಂಗ್‌ಗೆ ಸಮಗ್ರ ಮಾರ್ಗದರ್ಶಿ

ರೀಲೋಡಿಂಗ್, ಅಂದರೆ ಖಾಲಿ ಕೇಸಿಗೆ ಮತ್ತೆ ಮದ್ದು, ಬುಲೆಟ್ ತುಂಬಿ ತೋಟೆ ಕಟ್ಟುವುದನ್ನು, ಶುರು ಮಾಡುವವರು ಮೊದಲು ಕೇಳುವುದು "ಯಾವ ಮದ್ದು ಹಾಕಲಿ, ಎಷ್ಟು ಹಾಕಲಿ?" ಎಂದು. ಮದ್ದಿನ ಮಾತು ಆಮೇಲೆ ಬರಲಿ. ಮೊದಲು ಬುಲೆಟ್ಟಿನ ತೂಕ ಗಟ್ಟಿ ಮಾಡಿಕೊಳ್ಳಿ. ಮದ್ದಿನ ಅಳತೆ, ತೋಟೆಯ ಉದ್ದ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡಿನ ಸ್ಪ್ರಿಂಗು, ಗುರಿ ಹಿಡಿಯುವ ಸೈಟ್ ಹೊಂದಿಸುವುದು, ಕೈಗೆ ಸಿಗುವ ಒದೆತ ಎಲ್ಲವೂ ಆ ತೂಕದ ಹಿಂದೆಯೇ ಬರುತ್ತವೆ. ತೂಕ ಬದಲಾದರೆ ಇವೆಲ್ಲವನ್ನೂ ಮತ್ತೆ ಮೊದಲಿಂದ ನೋಡಬೇಕು.

ಈ ಬರಹದಲ್ಲಿ ತೋಟೆ ಎಂದರೆ ಪೂರ್ತಿ ಕಾರ್ಟ್ರಿಜ್. ಬುಲೆಟ್ ಎಂದರೆ ಅದರ ತುದಿಯಿಂದ ಹಾರಿ ಹೋಗುವ ಭಾಗ ಮಾತ್ರ. ಮದ್ದು ಎಂದರೆ ಪೌಡರ್. ಕೇಸ್ ಎಂದರೆ ಇವನ್ನು ಹಿಡಿದಿಡುವ ಲೋಹದ ಕೊಳವೆ, ಪ್ರೈಮರ್ ಎಂದರೆ ಅದರ ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು. ಮದ್ದಿನ ಅಳತೆಯನ್ನು ನಾನು ಇಲ್ಲಿ ಎಲ್ಲೂ ಕೊಡುವುದಿಲ್ಲ. ಅದನ್ನು ಮದ್ದು ತಯಾರಿಸಿದವರು ಅಥವಾ ಬುಲೆಟ್ ತಯಾರಿಸಿದವರು ಅಚ್ಚು ಹಾಕಿಸಿದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಇನ್ನೊಂದು ಮಾತು. ಮನೆಯಲ್ಲಿ ತೋಟೆ ಕಟ್ಟುವುದಕ್ಕೆ ಪ್ರತಿ ದೇಶದಲ್ಲೂ ಬೇರೆ ಬೇರೆ ಕಾನೂನು ಇದೆ. ಕೆಲವು ಕಡೆ ಪರವಾನಗಿ ಬೇಕು, ಕೆಲವು ಕಡೆ ಅನುಮತಿಯೇ ಇಲ್ಲ. ಅದನ್ನು ಖಚಿತ ಮಾಡಿಕೊಂಡೇ ಬೆಂಚಿನ ಮುಂದೆ ಕೂರಿ.

ಗ್ರೇನ್ ಲೆಕ್ಕ

ಬುಲೆಟ್ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಅಂದರೆ 124 ಗ್ರೇನ್ ಬುಲೆಟ್ ಸರಿಸುಮಾರು 8 ಗ್ರಾಂ, 230 ಗ್ರೇನ್ ಬುಲೆಟ್ ಸುಮಾರು 15 ಗ್ರಾಂ. ಮದ್ದನ್ನು ತೂಗುವುದೂ ಗ್ರೇನ್‌ನಲ್ಲೇ. ತಕ್ಕಡಿ ಗ್ರಾಂನಲ್ಲಿದೆಯೋ ಗ್ರೇನ್‌ನಲ್ಲಿದೆಯೋ ಎಂದು ಪ್ರತಿ ಸಲ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಗೊತ್ತಿಲ್ಲದೆ ಬದಲಾಗಿಬಿಡುತ್ತದೆ.

ಹಂತ 1: ಯಾಕೆ ಹೊಡೆಯುತ್ತಿದ್ದೀರಿ ಎಂದು ತೀರ್ಮಾನಿಸಿ

"ಅಭ್ಯಾಸ" ಅನ್ನುವ ಒಂದೇ ಮಾತಿನಲ್ಲಿ ನಾಲ್ಕಾರು ಬೇರೆ ಕೆಲಸಗಳಿವೆ.

25 ಮೀಟರ್ ದೂರದ ಕಾಗದದ ಗುರಿಗೆ ನಿಧಾನವಾಗಿ, ಒಂದೊಂದೇ ಹೊಡೆಯುವವರಿಗೆ ಬೇಕಾದದ್ದು ನಿಖರತೆ ಮತ್ತು ಕೈ ದಣಿಯದಷ್ಟು ಒದೆತ. ವೇಗ ಅಲ್ಲಿ ಮುಖ್ಯವಲ್ಲ. ಬೇಗ ಬೇಗ ಎರಡೆರಡು ಹೊಡೆಯುವ ಪಂದ್ಯದವರಿಗೆ ಮೊದಲ ಗುಂಡು ಹೋದ ಮೇಲೆ ಸೈಟ್ ಎಷ್ಟು ಬೇಗ ಗುರಿಗೆ ಮರಳುತ್ತದೆ ಅನ್ನುವುದೇ ಎಲ್ಲ. ಉಕ್ಕಿನ ತಟ್ಟೆ ಬೀಳಿಸುವವರಿಗೆ ತಳ್ಳುವ ಶಕ್ತಿ ಬೇಕು. ತಟ್ಟೆಯ ಅಂಚಿಗೆ ತಗುಲಿದ ಹಗುರ ಬುಲೆಟ್ ಅದನ್ನು ಅಲ್ಲಾಡಿಸಿ ಬಿಟ್ಟುಬಿಡುವುದುಂಟು. ಇನ್ನು ಹೊಸಬರಿಗೆ ಕಲಿಸುವವರಿಗೆ ಬೇಕಾಗಿರುವುದು ಬೆದರಿಸದ ತೋಟೆ.

ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ಒಂದು ಕಾಗದದ ಮೇಲೆ ಬರೆದಿಡಿ. ಎಲ್ಲಕ್ಕೂ ಒಂದೇ ತೋಟೆ ಸಾಕು ಅನ್ನುವವರು ಮಧ್ಯದ ತೂಕ ಹಿಡಿಯಿರಿ, ಅದೇ ಸುಲಭದ ದಾರಿ.

ಹಂತ 2: ನಿಮ್ಮ ಕ್ಯಾಲಿಬರಿನಲ್ಲಿ ಏನೇನು ಸಿಗುತ್ತದೆ ನೋಡಿ

9 ಎಂಎಂ ಲೂಗರ್ ಹುಟ್ಟಿದ್ದು 1902ರಲ್ಲಿ. ಇವತ್ತು ಅದಕ್ಕೆ ಮೂರು ತೂಕ ಸಾಮಾನ್ಯ: 115, 124 (ಇಲ್ಲವೇ 125), 147 ಗ್ರೇನ್. ಹೊಸದಾಗಿ ತೋಟೆ ಕಟ್ಟುವವರಿಗೆ ನಾನು 124 ಹೇಳುತ್ತೇನೆ. ಕೈಪಿಡಿಗಳಲ್ಲಿ ಅದಕ್ಕೆ ಧಾರಾಳವಾಗಿ ಮಾಹಿತಿ ಇದೆ, ಹೆಚ್ಚುಕಡಿಮೆ ಎಲ್ಲ ಪಿಸ್ತೂಲುಗಳೂ ಅದನ್ನು ತಕರಾರಿಲ್ಲದೆ ನುಂಗುತ್ತವೆ.

.38 ಸ್ಪೆಷಲ್ ರಿವಾಲ್ವರಿಗೆ ಗುರಿ ಅಭ್ಯಾಸದ ಬುಲೆಟ್ ಎಂದರೆ 148 ಗ್ರೇನ್ ವಾಡ್‌ಕಟರ್. ಚಪ್ಪಟೆ ಮೂತಿಯ ಸೀಸದ ಉರುಳೆ ಅದು. ಸೆಕೆಂಡಿಗೆ ಸುಮಾರು 700 ಅಡಿ ವೇಗದಲ್ಲಿ ಹೋಗಿ ಕಾಗದದಲ್ಲಿ ಪಂಚ್ ಮಾಡಿದ ಹಾಗೆ ದುಂಡಗೆ ತೂತು ಕೊರೆಯುತ್ತದೆ. ಅಂಕ ಎಣಿಸುವಾಗ ಜಗಳವೇ ಇರುವುದಿಲ್ಲ. ಅದು ಬೇಡ ಅನ್ನುವವರಿಗೆ 158 ಗ್ರೇನ್ ಇದೆ, 125 ಇದೆ.

.45 ಎಸಿಪಿಯ ಸಾಮಾನ್ಯ ತೂಕ 230 ಗ್ರೇನ್. ಆದರೆ ಬುಲ್ಸ್‌ಐ, ಅಂದರೆ ಕಾಗದದ ಗುರಿಯ ಪಂದ್ಯ, ಹೊಡೆಯುವವರು ಬಹಳ ಹಿಂದಿನಿಂದಲೂ 185 ಮತ್ತು 200 ಗ್ರೇನ್ ಸೆಮಿ ವಾಡ್‌ಕಟರನ್ನು (ಮೂತಿ ಕಿರಿದಾಗಿ, ಹೆಗಲು ಚೂಪಾಗಿ ಇರುವ ಬುಲೆಟ್) ಇಷ್ಟಪಡುತ್ತಾರೆ. ಒದೆತ ಕಡಿಮೆ, ತೂತು ಚೊಕ್ಕ. .40 ಎಸ್ ಅಂಡ್ ಡಬ್ಲ್ಯೂಗೆ 155, 165, 180 ಸಿಗುತ್ತವೆ. ಅಭ್ಯಾಸಕ್ಕೆ 180 ಒಳ್ಳೆಯದು, ಆ ಕ್ಯಾಲಿಬರಿನ ಚುರುಕು ಒದೆತವನ್ನು ಅದು ಸ್ವಲ್ಪ ಮೆತ್ತಗೆ ಮಾಡುತ್ತದೆ. .44 ಮ್ಯಾಗ್ನಮ್‌ಗೆ 240 ಸಾಮಾನ್ಯ.

ಹಂತ 3: ಒದೆತವನ್ನು ಅರ್ಥ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. "ಭಾರದ ಬುಲೆಟ್ ಅಂದರೆ ಒದೆತ ಜಾಸ್ತಿ ಅಲ್ವಾ?" ಎಂದು ಕೇಳುತ್ತಾರೆ. ಎರಡನ್ನೂ ಒಂದೇ ವೇಗದಲ್ಲಿ ಓಡಿಸಿದರೆ ಹೌದು. ಆದರೆ ಯಾರೂ ಹಾಗೆ ಓಡಿಸುವುದಿಲ್ಲ.

ಪಂದ್ಯಗಳಲ್ಲಿ ಪವರ್ ಫ್ಯಾಕ್ಟರ್ ಅನ್ನುವ ಒಂದು ಲೆಕ್ಕವಿದೆ. ಬುಲೆಟ್ಟಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ವೇಗವೋ ಅದರಿಂದ ಗುಣಿಸಿ 1000ದಿಂದ ಭಾಗಿಸುವುದು. ಐಪಿಎಸ್‌ಸಿ (ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ) ಪಂದ್ಯದಲ್ಲಿ ಮೈನರ್, ಅಂದರೆ ಕೆಳಗಿನ, ದರ್ಜೆಗೆ ಕನಿಷ್ಠ 125 ಬೇಕು. ಸ್ವಲ್ಪ ಅಂತರ ಇರಲಿ ಎಂದು 130 ಇಟ್ಟುಕೊಂಡು ನೋಡಿ. 115 ಗ್ರೇನ್ ಬುಲೆಟ್ ಅಲ್ಲಿಗೆ ಮುಟ್ಟಲು ಸೆಕೆಂಡಿಗೆ 1130 ಅಡಿ ಓಡಬೇಕು. 124ಕ್ಕೆ 1050 ಅಡಿ ಸಾಕು. 147ಕ್ಕೆ ಬರೀ 885 ಅಡಿ.

ಮೂರರ ತಳ್ಳುವ ಶಕ್ತಿಯೂ ಒಂದೇ. ಕೈಗೆ ಮಾತ್ರ ಒಂದೇ ಅನಿಸುವುದಿಲ್ಲ. ಕಾರಣ ಎರಡು. ನಿಧಾನ ಓಡುವ ಭಾರದ ಬುಲೆಟ್ಟಿಗೆ ಸಾಮಾನ್ಯವಾಗಿ ಕಡಿಮೆ ಮದ್ದು ಸಾಕು. ಸುಟ್ಟ ಮದ್ದು ಅನಿಲವಾಗಿ ಬ್ಯಾರೆಲಿನ ಬಾಯಿಂದ ನುಗ್ಗುವಾಗ ಅದೂ ಪಿಸ್ತೂಲನ್ನು ಹಿಂದಕ್ಕೆ ತಳ್ಳುತ್ತದೆ. ಮದ್ದು ಕಡಿಮೆಯಾದರೆ ಆ ಪಾಲೂ ಕಡಿಮೆ. ಎರಡನೆಯದು, ಒದೆತ ಹರಡಿಕೊಳ್ಳುವ ಸಮಯ. 115ರದು ಅಂಗೈಗೆ ಚಟ್ಟನೆ ತಟ್ಟಿದ ಹಾಗೆ. 147ರದು ಯಾರೋ ಭುಜ ಹಿಡಿದು ಮೆಲ್ಲಗೆ ನೂಕಿದ ಹಾಗೆ.

ಹಾಗಂತ 147 ಎಲ್ಲರಿಗೂ ಹಿಡಿಸುವುದಿಲ್ಲ. ಕೆಲವರಿಗೆ ಸ್ಲೈಡ್ ಸೋಮಾರಿಯಾಗಿ ಹೋಗಿ ಬರುತ್ತಿದೆ ಅನಿಸುತ್ತದೆ. ಚಟ್ಟನೆ ಎದ್ದು ಚಟ್ಟನೆ ಮರಳುವ ಪಿಸ್ತೂಲೇ ಅವರಿಗೆ ಇಷ್ಟ. ಇದು ಕೈಯ ಮಾತು, ಪುಸ್ತಕದ ಮಾತಲ್ಲ. ಮುಂದಿನ ಸೈಟನ್ನೇ ನೋಡುತ್ತಾ ಐದು ಹೊಡೆಯಿರಿ. ಸೈಟ್ ಎದ್ದು, ಹೋದ ದಾರಿಯಲ್ಲೇ ಇಳಿದು ತಾನಾಗಿ ಗುರಿಯ ಮೇಲೆ ಕೂತರೆ ಆ ತೂಕ ನಿಮಗೆ ಒಗ್ಗಿದೆ. ಪ್ರತಿ ಸಲ ನೀವೇ ಹುಡುಕಿ ತರಬೇಕಾದರೆ ಒಗ್ಗಿಲ್ಲ.

ಸದ್ದಿನ ವಿಷಯವೂ ಇದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1125 ಅಡಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ದಾಟಿದ ಬುಲೆಟ್ ಹಾರುವಾಗಲೂ ಚಟೀರ್ ಎಂದು ಒಂದು ಸದ್ದು ಮಾಡುತ್ತದೆ. ಅಭ್ಯಾಸದ 147 ಆ ಗಡಿ ದಾಟುವುದಿಲ್ಲ. ಮುಚ್ಚಿದ ರೇಂಜಿನಲ್ಲಿ ಇಡೀ ದಿನ ನಿಲ್ಲುವವರಿಗೆ ಇದೂ ಒಂದು ನೆಮ್ಮದಿ. ಕಿವಿ ರಕ್ಷಣೆ ಮಾತ್ರ ಯಾವಾಗಲೂ ಇರಬೇಕು.

ಹಂತ 4: ಬಂದೂಕು ಏನು ಹೇಳುತ್ತದೆ ಕೇಳಿ

ತೂಕ ನಿಮಗೆ ಇಷ್ಟವಾದರೆ ಸಾಲದು, ಪಿಸ್ತೂಲಿಗೂ ಆಗಬೇಕು.

ಸೆಮಿ ಆಟೋಮ್ಯಾಟಿಕ್‌ನಲ್ಲಿ ಸ್ಲೈಡನ್ನು ಹಿಂದಕ್ಕೆ ಕಳಿಸುವುದು ಒದೆತವೇ. ಹಗುರ ಬುಲೆಟ್, ಹಗುರ ಮದ್ದು ಎರಡೂ ಸೇರಿದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೇಸ್ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥ ತೋಟೆಗೆ ಮೆತ್ತಗಿನ ರಿಕಾಯಿಲ್ ಸ್ಪ್ರಿಂಗ್ ಹಾಕುತ್ತಾರೆ. ಹಾಗೆ ಮಾಡಿದರೆ ಆ ಸ್ಪ್ರಿಂಗ್ ಇರುವಾಗ ಪೂರ್ತಿ ಶಕ್ತಿಯ ತೋಟೆ ಹೊಡೆಯಬಾರದು.

ಬ್ಯಾರೆಲಿನ ಒಳಸುತ್ತು, ಅಂದರೆ ಬುಲೆಟ್ಟನ್ನು ತಿರುಗಿಸುವ ಸುರುಳಿ ಗೀರು, ರೈಫಲ್‌ನಷ್ಟು ತಲೆನೋವು ಕೊಡುವುದಿಲ್ಲ. 9 ಎಂಎಂಗೆ 10 ಇಂಚಿಗೊಂದು ಸುತ್ತು ಸಾಮಾನ್ಯ, ಅದು 115ರಿಂದ 147ರವರೆಗೆ ಎಲ್ಲವನ್ನೂ ತಿರುಗಿಸುತ್ತದೆ. ಕಾಗದದಲ್ಲಿ ದುಂಡು ತೂತಿನ ಬದಲು ಉದ್ದುದ್ದ ತೂತು ಬಿದ್ದರೆ ಬುಲೆಟ್ ಅಡ್ಡಡ್ಡ ಹೋಗುತ್ತಿದೆ ಎಂದರ್ಥ. ಆಗ ಜನ ಮೊದಲು ತೂಕವನ್ನೇ ಬೈಯುತ್ತಾರೆ. ನಾನು ಮೊದಲು ವ್ಯಾಸ ಅಳೆಯುತ್ತೇನೆ. ಸೀಸದ ಬುಲೆಟ್ ಬ್ಯಾರೆಲಿಗಿಂತ ಒಂದು ಎಳೆ ದಪ್ಪ ಇರಬೇಕು: 9 ಎಂಎಂ ಜಾಕೆಟ್ (ಸೀಸದ ಮೇಲೆ ತಾಮ್ರದ ಹೊದಿಕೆ ಇರುವ) ಬುಲೆಟ್ .355 ಇಂಚು, ಸೀಸದ್ದು .356. ಆಮೇಲೆ ಕ್ರಿಂಪ್, ಅಂದರೆ ಬುಲೆಟ್ ಹಿಡಿಯಲು ಕೇಸಿನ ಬಾಯಿ ಬಿಗಿದದ್ದನ್ನು, ನೋಡುತ್ತೇನೆ. ಅತಿಯಾಗಿ ಬಿಗಿದ ಕ್ರಿಂಪ್ ತಾಮ್ರ ಲೇಪನದ ಬುಲೆಟ್ಟಿನ ಸಿಪ್ಪೆಯನ್ನೇ ಕತ್ತರಿಸಿಬಿಡುತ್ತದೆ. ಒಂದು ತೋಟೆ ಬಿಚ್ಚಿ ಬುಲೆಟ್ಟಿನ ಸೊಂಟ ನೋಡಿ. ಉಗುರಿಗೆ ಸಿಗುವಷ್ಟು ಆಳದ ಗೆರೆ ಇದ್ದರೆ ಕಾರಣ ಸಿಕ್ಕಿತು.

ಬಹುಭುಜ ಒಳಮೈಯ ಬ್ಯಾರೆಲ್ ಇದ್ದರೆ ಬರಿ ಸೀಸ ಬೇಡ. ಸೀಸ ಮೆತ್ತಿಕೊಂಡು ಒತ್ತಡ ಏರುತ್ತದೆ. ಪಾಲಿಮರ್ ಲೇಪನದ್ದೋ ಜಾಕೆಟ್ಟಿನದ್ದೋ ಆರಿಸಿ, ಬಂದೂಕಿನ ಕೈಪಿಡಿ ಏನು ಹೇಳುತ್ತದೆಂದೂ ನೋಡಿ.

ಸೈಟ್ ತಿರುಗಿಸಲು ಆಗದ ರಿವಾಲ್ವರ್ ಇದ್ದವರಿಗೆ ತೂಕವೇ ಸೈಟ್. ಭಾರದ ಬುಲೆಟ್ ನಿಧಾನ ಹೋಗುತ್ತದೆ, ಹಾಗಾಗಿ ಕೆಳಗೆ ಬೀಳಬೇಕು ಎಂದು ತೋರುತ್ತದೆ. ನಡೆಯುವುದು ಹೆಚ್ಚಾಗಿ ಉಲ್ಟಾ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 25 ಮೀಟರಿನಲ್ಲಿ 900 ಅಡಿ ವೇಗದ ಬುಲೆಟ್ಟಿಗೂ 1100 ಅಡಿ ವೇಗದ್ದಕ್ಕೂ ಬೀಳುವ ವ್ಯತ್ಯಾಸ ಒಂದೂವರೆ ಸೆಂಟಿಮೀಟರ್ ಒಳಗೆ. ಆದರೆ ಭಾರದ್ದು ಬ್ಯಾರೆಲಿನೊಳಗೆ ಜಾಸ್ತಿ ಹೊತ್ತು ಇರುತ್ತದೆ. ಅಷ್ಟರಲ್ಲಿ ಒದೆತಕ್ಕೆ ಮೂತಿ ಮೇಲೆದ್ದಿರುತ್ತದೆ. ಬುಲೆಟ್ ಮೇಲೆ ಮುಖ ಮಾಡಿ ಹೊರಡುತ್ತದೆ. ಹಾಗಾಗಿ 158ಕ್ಕೆ ಹೊಂದಿಸಿದ .38ರಲ್ಲಿ 125 ಹಾಕಿದರೆ ಗುಂಡು ಕೆಳಗೆ ಬೀಳುತ್ತದೆ. ಆ ಬಂದೂಕಿಗೆ ಅದರ ತೂಕವನ್ನೇ ಕೊಡಿ.

ಹಂತ 5: ಲೋಹ ಮತ್ತು ಆಕಾರ

ಎರಕದ ಸೀಸ ಅಗ್ಗ, ಲೇಪನದ್ದು ಹೊಗೆ ಕಡಿಮೆ, ಜಾಕೆಟ್ ದುಬಾರಿ. ಕಡಿಮೆ ವೇಗದ ಅಭ್ಯಾಸಕ್ಕೆ ಪಾಲಿಮರ್ ಲೇಪನದ ಸೀಸವೇ ನನ್ನ ಆಯ್ಕೆ. ತೂಕ ಒಂದೇ ಇದ್ದರೂ ಸೀಸಕ್ಕೂ ಜಾಕೆಟ್ಟಿಗೂ ಕೈಪಿಡಿಯಲ್ಲಿ ಬೇರೆ ಬೇರೆ ಸಾಲು ಇರುತ್ತದೆ. ಜಾಕೆಟ್ ಬುಲೆಟ್ ಬ್ಯಾರೆಲಿಗೆ ಜಾಸ್ತಿ ಉಜ್ಜುತ್ತದೆ, ಸೀಸಕ್ಕೆ ಬರೆದ ಕನಿಷ್ಠ ಮದ್ದಿನಲ್ಲಿ ಅದು ಮಧ್ಯದಲ್ಲೇ ಸಿಕ್ಕಿಕೊಳ್ಳಬಹುದು.

ಟೊಳ್ಳು ತಳದ ವಾಡ್‌ಕಟರ್ ಬಗ್ಗೆ ಎಚ್ಚರಿಕೆಯ ಮಾತು. ಅದನ್ನು ನಿಧಾನವಾಗಿಯೇ ಓಡಿಸಬೇಕು. ವೇಗ ಹೆಚ್ಚಿಸಲು ಹೋದರೆ ಅದರ ತೆಳು ಅಂಚು ಹರಿದು ಬ್ಯಾರೆಲಿನಲ್ಲೇ ಬಳೆಯ ಹಾಗೆ ಉಳಿಯಬಹುದು. ಮುಂದಿನ ಗುಂಡಿಗೆ ಅದು ಅಡ್ಡಿ.

ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ. ಬೆಂಚಿನ ಹತ್ತಿರ ಊಟ ತಿಂಡಿ ಬೇಡ.

ಹಂತ 6: ತೂಕ ಬದಲಾದರೆ ಕೇಸಿನೊಳಗೆ ಏನಾಗುತ್ತದೆ

ಒಂದೇ ವ್ಯಾಸದಲ್ಲಿ ತೂಕ ಹೆಚ್ಚಬೇಕಾದರೆ ಬುಲೆಟ್ ಉದ್ದವಾಗಲೇಬೇಕು. ಮ್ಯಾಗಜಿನ್‌ಗೆ ಹಿಡಿಸಬೇಕಾದ್ದರಿಂದ ತೋಟೆಯ ಒಟ್ಟು ಉದ್ದ ಬೆಳೆಯುವಂತಿಲ್ಲ. 9 ಎಂಎಂಗೆ ಗರಿಷ್ಠ 1.169 ಇಂಚು, .45 ಎಸಿಪಿಗೆ 1.275 ಇಂಚು. ಹೆಚ್ಚಿದ ಉದ್ದವೆಲ್ಲ ಕೇಸಿನೊಳಗೇ ಇಳಿಯುತ್ತದೆ. ಮದ್ದಿಗೆ ಇರುವ ಜಾಗ ಕುಗ್ಗುತ್ತದೆ. ಜಾಗ ಕುಗ್ಗಿದರೆ ಒತ್ತಡ ಏರುತ್ತದೆ. ಅದರ ಮೇಲೆ ಭಾರದ ಬುಲೆಟ್ ಬೇಗ ಕದಲುವುದೂ ಇಲ್ಲ.

ಆದ್ದರಿಂದ ಒಂದು ನಿಯಮ, ಇದಕ್ಕೆ ವಿನಾಯಿತಿ ಇಲ್ಲ: ಹಗುರ ಬುಲೆಟ್ಟಿನ ಮದ್ದಿನ ಅಳತೆಯನ್ನು ಭಾರದ ಬುಲೆಟ್ಟಿಗೆ ಹಾಕಬೇಡಿ. ತೂಕ ಬದಲಿಸಿದ ದಿನ ಕೈಪಿಡಿ ತೆರೆದು, ಆ ತೂಕದ, ಆ ಬಗೆಯ ಬುಲೆಟ್ಟಿನ ಆರಂಭದ ಅಳತೆಯಿಂದಲೇ ಶುರು ಮಾಡಿ.

9 ಎಂಎಂ ಕೇಸಿನ ಗೋಡೆ ಕೆಳಗೆ ಹೋದ ಹಾಗೆ ದಪ್ಪವಾಗುತ್ತದೆ. 147ರ ಉದ್ದದ ತಳ ಆ ದಪ್ಪ ಜಾಗಕ್ಕೆ ಮುಟ್ಟಿ ಕೇಸನ್ನು ಹೊರಕ್ಕೆ ಉಬ್ಬಿಸಬಹುದು. ತೋಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ಬುಲೆಟ್ ಮುಗಿಯುವ ಕಡೆ ಕೇಸಿಗೆ ಸೊಂಟ ಮೂಡಿದ ಹಾಗೆ ಕಾಣುತ್ತದೆ. ಸ್ವಲ್ಪ ಕಂಡರೆ ಪರವಾಗಿಲ್ಲ. ಚೇಂಬರಿಗೆ (ಬ್ಯಾರೆಲಿನಲ್ಲಿ ತೋಟೆ ಕೂರುವ ಜಾಗಕ್ಕೆ) ಉಜ್ಜುವಷ್ಟು ಇದ್ದರೆ ಬೇರೆ ತಯಾರಕರ ಕೇಸ್ ಬಳಸಬೇಕು.

ಇದನ್ನು ನಾನು ಕಲಿತದ್ದು 200 ತೋಟೆ ಕಟ್ಟಿದ ಮೇಲೆ. ದುಂಡು ಮೂತಿಯ 124ರಿಂದ ಚಪ್ಪಟೆ ಮೂತಿಯ 147ಕ್ಕೆ ಬದಲಾಯಿಸಿದ್ದೆ. ಮದ್ದಿನ ಅಳತೆ ಕೈಪಿಡಿ ನೋಡಿ ಸರಿಯಾಗಿಯೇ ಇಳಿಸಿದ್ದೆ, ಒಟ್ಟು ಉದ್ದ ಮಾತ್ರ ಹಳೆಯದನ್ನೇ ಇಟ್ಟೆ. ರೇಂಜಿನಲ್ಲಿ ಮೊದಲ ತೋಟೆಗೇ ಸ್ಲೈಡ್ ಪೂರ್ತಿ ಮುಚ್ಚಲಿಲ್ಲ, ಒಂದಿಷ್ಟು ಹಿಂದೆಯೇ ನಿಂತಿತು. 147ರ ಹೆಗಲು ಅಗಲ, ಅದು ಬ್ಯಾರೆಲಿನ ಗೀರುಗಳಿಗೆ ಹೋಗಿ ಕಚ್ಚಿಕೊಂಡಿತ್ತು. ಮನೆಗೆ ಬಂದು ಸುತ್ತಿಗೆ ಪುಲ್ಲರ್‌ನಲ್ಲಿ 200ನ್ನೂ ಒಂದೊಂದಾಗಿ ಬಿಚ್ಚಿದೆ. ಸುಮ್ನೆ ಇನ್ನಷ್ಟು ಒಳಕ್ಕೆ ಒತ್ತಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಆಳಕ್ಕೆ ಒತ್ತಿದ ಕೂಡಲೇ ಒತ್ತಡದ ಲೆಕ್ಕವೇ ಬದಲಾಗುತ್ತದೆ.

ಆದ್ದರಿಂದ ಹೊಸ ತೂಕಕ್ಕೆ ಮೊದಲು ಪ್ರೈಮರ್, ಮದ್ದು ಇಲ್ಲದ ಒಂದು ಡಮ್ಮಿ ತೋಟೆ ಕಟ್ಟಿ. ಬ್ಯಾರೆಲ್ ಬಿಚ್ಚಿ ಚೇಂಬರ್ ಮೇಲೆ ಮಾಡಿ ಹಿಡಿದು ತೋಟೆ ಬಿಡಿ. ಟಕ್ ಎಂದು ಕೂರಬೇಕು. ಬೆರಳಲ್ಲಿ ತಿರುಗಿಸಿದರೆ ಸರಾಗ ತಿರುಗಬೇಕು. ಬ್ಯಾರೆಲ್ ಮಗುಚಿದರೆ ತಾನಾಗಿ ಬೀಳಬೇಕು. ಮೂರರಲ್ಲಿ ಒಂದು ಆಗದಿದ್ದರೂ ಉದ್ದ ಇಲ್ಲವೇ ಕ್ರಿಂಪ್ ಸರಿಯಿಲ್ಲ. ಆಮೇಲೆ ಅದೇ ಡಮ್ಮಿಯ ಮೂತಿಯನ್ನು ಹೆಬ್ಬೆರಳಿನಿಂದ ಬೆಂಚಿನ ಅಂಚಿಗೆ ಜೋರಾಗಿ ಒತ್ತಿ, ಮತ್ತೆ ಅಳೆಯಿರಿ. ಬುಲೆಟ್ ಒಳಗೆ ಜಾರಿದ್ದರೆ ಕೇಸಿನ ಹಿಡಿತ ಸಾಲದು.

ರಿವಾಲ್ವರಿನಲ್ಲಿ ಇದರ ಉಲ್ಟಾ ತೊಂದರೆ. ಹಗುರ ಬಂದೂಕು, ಭಾರದ ಬುಲೆಟ್ ಆದರೆ ಒದೆತಕ್ಕೆ ಉಳಿದ ಬುಲೆಟ್ಟುಗಳು ಮುಂದಕ್ಕೆ ಜರುಗುತ್ತವೆ, ಸಿಲಿಂಡರ್ ತಿರುಗದೆ ನಿಲ್ಲುತ್ತದೆ. ಆರು ತುಂಬಿ ಐದು ಹೊಡೆದು, ಆರನೆಯದರ ಉದ್ದ ಅಳೆಯಿರಿ. ಬೆಳೆದಿದ್ದರೆ ರೋಲ್ ಕ್ರಿಂಪ್ ಇನ್ನೂ ಬಿಗಿಯಾಗಬೇಕು.

ಹಂತ 7: ಎರಡು ತೂಕ ತಂದು ಹೊಡೆದು ನೋಡಿ

ಸಾವಿರಗಟ್ಟಲೆ ಒಮ್ಮೆಲೇ ತರಬೇಡಿ. ಎರಡು ತೂಕ, ಒಂದೊಂದು ಚಿಕ್ಕ ಪೆಟ್ಟಿಗೆ ಸಾಕು. ಕೇಸ್, ಪ್ರೈಮರ್, ಮದ್ದಿನ ಬಗೆ ಎರಡಕ್ಕೂ ಒಂದೇ ಇರಲಿ. ಆಗಲೇ ವ್ಯತ್ಯಾಸ ತೂಕದ್ದು ಎಂದು ಹೇಳಬಹುದು.

ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ತೂಕದ ಪೆಟ್ಟಿಗೆ, ಒಂದೇ ಮದ್ದಿನ ಡಬ್ಬಿ. 115ನ್ನೂ 124ನ್ನೂ ಬರಿಗಣ್ಣಿಗೆ ಬೇರೆ ಮಾಡುವುದು ಕಷ್ಟ. ಅನುಮಾನ ಬಂದರೆ ತೂಗಿ.

ಆರಂಭದ ಅಳತೆಯಲ್ಲಿ ಹತ್ತು, ಅದರ ಮೇಲಿನ ಅಳತೆಯಲ್ಲಿ ಹತ್ತು, ಹೀಗೆ ಕೈಪಿಡಿಯ ಗರಿಷ್ಠದ ಒಳಗೇ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ. ಮದ್ದು ಹಾಕಿದ ಕೇಸುಗಳನ್ನು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ಬುಲೆಟ್ ಕೂರಿಸುವ ಮೊದಲು ಟಾರ್ಚ್ ಬಿಟ್ಟು ಪ್ರತಿಯೊಂದರ ಒಳಗೂ ನೋಡಿ. ಅಭ್ಯಾಸದ ತೋಟೆಗೆ ಮದ್ದು ಎಷ್ಟು ಕಡಿಮೆ ಎಂದರೆ ಎರಡು ಸಲ ಬಿದ್ದರೂ ಕೇಸ್ ಉಕ್ಕುವುದಿಲ್ಲ. ಕಟ್ಟಿದ ಮೇಲೆ ತೋಟೆ ತೂಗಿ ಪತ್ತೆ ಮಾಡೋಣ ಅಂದರೆ ಆಗುವುದಿಲ್ಲ. ಕೇಸುಗಳ ತೂಕದಲ್ಲೇ ಅಷ್ಟು ಏರುಪೇರು ಇರುತ್ತದೆ.

ರೇಂಜಿನಲ್ಲಿ ಕ್ರೋನೋಗ್ರಾಫ್ ಇಟ್ಟು ವೇಗ ಬರೆದುಕೊಳ್ಳಿ. ಕೈ ಮರಳು ಚೀಲದ ಮೇಲೆ ಊರಿ ಐದೈದರಂತೆ ನಾಲ್ಕು ಗುಂಪು ಹೊಡೆಯಿರಿ. ಒಂದೇ ಗುಂಪು ಚೆನ್ನಾಗಿ ಬಂತು ಎಂದು ಅದನ್ನೇ ನಂಬಬೇಡಿ, ಆಕಸ್ಮಿಕವಾಗಿಯೂ ಬರುತ್ತದೆ. ನಿಂತು ಹೊಡೆಯುವಾಗಿನ ಗುಂಪನ್ನು ಬೇರೆಯಾಗಿ ಬರೆಯಿರಿ. ಚೀಲದ ಮೇಲೆ 115 ಗೆದ್ದು, ನಿಂತಾಗ 147 ಗೆಲ್ಲುವುದು ಅಪರೂಪವಲ್ಲ. ನೀವು ನಿಂತೇ ಹೊಡೆಯುವವರಾದರೆ ಎರಡನೆಯದಕ್ಕೇ ಬೆಲೆ ಕೊಡಿ.

ಸದ್ದು ವಿಚಿತ್ರವಾಗಿ ಪುಸ್ ಎಂದರೆ, ಒದೆತ ಬರದಿದ್ದರೆ, ಅಲ್ಲಿಗೇ ನಿಲ್ಲಿಸಿ. ಬಂದೂಕನ್ನು ಗುರಿಯ ಕಡೆಗೇ ಹಿಡಿದು ಸ್ವಲ್ಪ ಕಾಯಿರಿ, ಪೂರ್ತಿ ಖಾಲಿ ಮಾಡಿ, ಬ್ಯಾರೆಲ್ ತೆರವಾಗಿದೆಯೇ ಎಂದು ಕಡ್ಡಿ ಹಾಕಿ ನೋಡಿ. ಒಳಗೆ ಬುಲೆಟ್ ಸಿಕ್ಕಿರುವಾಗ ಇನ್ನೊಂದು ಹೊಡೆದರೆ ಬ್ಯಾರೆಲ್ ಸೀಳಬಹುದು.

ಹಂತ 8: ಖರ್ಚು ನೋಡಿ ಕೊನೆಯ ತೀರ್ಮಾನ

ಬುಲೆಟ್ ಎಂದರೆ ಸೀಸ, ಸೀಸ ಎಂದರೆ ತೂಕ. 147ಕ್ಕೆ 115ಕ್ಕಿಂತ ಕಾಲು ಪಾಲಿಗೂ ಜಾಸ್ತಿ ಲೋಹ ಬೇಕು, ಬೆಲೆಯೂ ಹೆಚ್ಚು. ಮದ್ದಿನಲ್ಲಿ ಒಂದಿಷ್ಟು ಉಳಿಯುತ್ತದೆ, ಆದರೆ ಅದು ಬುಲೆಟ್ಟಿನ ಖರ್ಚನ್ನು ತುಂಬಿಕೊಡುವುದಿಲ್ಲ. ತಿಂಗಳಿಗೆ ಸಾವಿರ ಹೊಡೆಯುವವರಿಗೆ ಇದು ದೊಡ್ಡ ಮೊತ್ತ. ಎರಡು ತೂಕಗಳ ನಡುವೆ ನಿಮ್ಮ ಗುಂಪಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲದಿದ್ದರೆ ಹಗುರದ್ದನ್ನು ಕೊಂಡು, ಉಳಿದ ಹಣದಲ್ಲಿ ಇನ್ನಷ್ಟು ತೋಟೆ ಹೊಡೆಯಿರಿ. ಪಂದ್ಯಕ್ಕೆ ಹೋಗುವವರು ಮಾತ್ರ ಪಂದ್ಯದ ತೂಕದಲ್ಲೇ ಅಭ್ಯಾಸ ಮಾಡಿ. ಒದೆತದ ಲಯ ಕೈಗೆ ಕೂತಿರುತ್ತದೆ, ಅದನ್ನು ಕೆಡಿಸಿಕೊಳ್ಳಬಾರದು.

ಆರಿಸಿಕೊಂಡ ತೂಕವನ್ನು ಒಂದೇ ಲಾಟ್‌ನಲ್ಲಿ ಆದಷ್ಟು ಕೊಳ್ಳಿ. ಹೊಸ ಲಾಟ್ ಬಂದಾಗ ಹತ್ತು ಬುಲೆಟ್ ತೂಗಿ, ವ್ಯಾಸ ಅಳೆದು, ಡಮ್ಮಿ ತೋಟೆ ಕಟ್ಟಿ ಬ್ಯಾರೆಲಿಗೆ ಬಿಟ್ಟು ನೋಡಿ. ಎರಕದ ಬುಲೆಟ್ಟುಗಳಲ್ಲಿ ಒಂದು ಗ್ರೇನ್ ಆಚೀಚೆ ಇದ್ದರೆ 25 ಮೀಟರಿನಲ್ಲಿ ಏನೂ ಆಗದು, ಒಂದೊಂದನ್ನೇ ತೂಗಿ ವಿಂಗಡಿಸುತ್ತಾ ಕೂರಬೇಡಿ. ತುಂಬಿದ ಪ್ರತಿ ಡಬ್ಬಿಯ ಮೇಲೂ ಬುಲೆಟ್ಟಿನ ತೂಕ ಮತ್ತು ಬಗೆ, ಮದ್ದಿನ ಹೆಸರು ಮತ್ತು ಅಳತೆ, ಪ್ರೈಮರ್, ಒಟ್ಟು ಉದ್ದ, ಕಟ್ಟಿದ ದಿನಾಂಕ ಬರೆಯಿರಿ. ಚೀಟಿ ಇಲ್ಲದ ಡಬ್ಬಿಯ ತೋಟೆಯನ್ನು ಹೊಡೆಯಬೇಡಿ, ಬಿಚ್ಚಿ.